ಕೈವಾರ ಕಾಣದ ದಾರಿ

ನಿಮ್ಮ ಶಾಲೆಯ ಅಟ್ಲಾಸಿನಲ್ಲಿ ಕರ್ನಾಟಕದ ಪುಟ ತೆರೆಯಿರಿ. ಕೈವಾರವನ್ನು 150 ಕಿ.ಮೀ. ಅಳತೆಗೆ ಅಗಲಿಸಿ, ಮೊನೆಯನ್ನು ದೇವನಹಳ್ಳಿಯ ಮೇಲೂರಿ ವೃತ್ತ ಎಳೆಯಿರಿ. ಗೆರೆ ಚನ್ನರಾಯಪಟ್ಟಣದ ಹತ್ತಿರ ಹಾದುಹೋಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮೂರೂ ಹೊರಗೆ ಉಳಿಯುತ್ತವೆ.

ಈ ವೃತ್ತ ನನ್ನ ಕಲ್ಪನೆಯಲ್ಲ. 2004ರ ಜುಲೈನಲ್ಲಿ ಕೇಂದ್ರ ಸರ್ಕಾರವು ಬೆಂಗಳೂರಿನ ಹೊಸ ವಿಮಾನ ನಿಲ್ದಾಣದ ಕಂಪನಿಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಅದು ಇದೆ. ನಿಲ್ದಾಣ ತೆರೆದು 25 ವರ್ಷ ತುಂಬುವವರೆಗೆ, ನೇರ ವಾಯುಮಾರ್ಗದಲ್ಲಿ 150 ಕಿ.ಮೀ. ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದು. ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ದೇವನಹಳ್ಳಿಯಲ್ಲಿ ವಿಮಾನ ಹಾರಾಟ ಆರಂಭವಾದದ್ದು 2008ರ ಮೇ ತಿಂಗಳಲ್ಲಿ.

ವಿಚಿತ್ರವೆಂದರೆ, ವಿನಾಯಿತಿ ಪಡೆದ ಎರಡು ಊರುಗಳೂ ವೃತ್ತದ ಹೊರಗೇ ಇವೆ. ಮೈಸೂರು ನಿಲ್ದಾಣ ಗೆರೆಯಿಂದ ಸ್ವಲ್ಪವೇ ಆಚೆ. ಹಾಸನವಂತೂ ದೇವನಹಳ್ಳಿಯಿಂದ ಸುಮಾರು 175 ಕಿ.ಮೀ. ಮುಂದೆ ಅಳತೆಯ ತಕರಾರು ಏಳದಿರಲೆಂದು ಹೆಸರು ಸೇರಿಸಿದಂತೆ ನನಗೆ ತೋರುತ್ತದೆ.

ಈಗ ಕೈವಾರವನ್ನು ಹಾಸನದ ಮೇಲಿಡಿ. 2008ರ ಕೇಂದ್ರ ನೀತಿಯ ಪ್ರಕಾರ, ಇರುವ ನಿಲ್ದಾಣದಿಂದ 150 ಕಿ.ಮೀ. ಒಳಗೆ ಹೊಸದನ್ನು ಕಟ್ಟಬೇಕಾದರೆ ಅದರ ಪರಿಣಾಮವನ್ನು ಪರಿಶೀಲಿಸಬೇಕು. ಹಾಸನದಿಂದ ಮೈಸೂರು ನಿಲ್ದಾಣಕ್ಕೆ ನೇರ ದೂರ ಸುಮಾರು 100 ಕಿ.ಮೀ. 1951ರಲ್ಲಿ ಆರಂಭವಾದ ಮಂಗಳೂರಿನ ಬಜ್ಪೆಗೆ ಸುಮಾರು 130. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಶಿವಮೊಗ್ಗಕ್ಕೆ 110ರ ಆಸುಪಾಸು. ಅಂದರೆ ಬೆಂಗಳೂರಿಗೆ ದೂರವಾದ ಹಾಸನ ಉಳಿದ ಮೂರಕ್ಕೂ ‘ಹತ್ತಿರ’!

ಆದರೆ ಪ್ರಯಾಣಿಕನ ಕೈಯಲ್ಲಿ ಇರುವುದು ಕೈವಾರವಲ್ಲ, ಗಡಿಯಾರ. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಹಾಸನ–ಮೈಸೂರು ಹನ್ನೆರಡು ನಿಮಿಷದ ಲೆಕ್ಕ. ಅಷ್ಟಕ್ಕಾಗಿ ಯಾರೂ ವಿಮಾನ ಹತ್ತುವುದಿಲ್ಲ, ಬಿಡಿ. ಹೊಳೆನರಸೀಪುರದ ಮೇಲೆ ಹೋಗುವ ರಸ್ತೆ ಸುಮಾರು 120 ಕಿ.ಮೀ.; ಎರಡೂವರೆ ಗಂಟೆಯಾದರೂ ಬೇಕು. ಮಂಗಳೂರಿನ ನೇರ ಗೆರೆಗೆ ಅಡ್ಡಲಾಗಿ ಪಶ್ಚಿಮಘಟ್ಟವಿದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದರೆ ದಾರಿಯೇ ಬಂದ್. ಘಟ್ಟ, ಕೆಸರು, ಊರೊಳಗಿನ ವಾಹನಗಳ ಸಾಲು, ಇವಾವುವೂ ಕೈವಾರಕ್ಕೆ ಕಾಣುವುದಿಲ್ಲ.

ಚನ್ನರಾಯಪಟ್ಟಣದ ಗಡಿಯಾರವನ್ನು ಬದಲಿಸಿದ್ದು ವಿಮಾನವಲ್ಲ, ರೈಲು. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಬೆಂಗಳೂರಿಗೆ ನೇರ ಮಾರ್ಗ 2017ರ ಮಾರ್ಚಿನಲ್ಲಿ ತೆರೆಯಿತು. ಅರಕಲಗೂಡಿನವರಿಗೆ ಆ ಅನುಕೂಲವೂ ಇಲ್ಲ. ಅಲ್ಲಿನ ವಿದ್ಯಾರ್ಥಿಯೊಬ್ಬ ಮೊದಲು 30 ಕಿ.ಮೀ. ದೂರದ ಹಾಸನಕ್ಕೆ ಬಂದು, ಬೆಂಗಳೂರು ಸೇರಿ, ನಗರ ದಾಟಿ ದೇವನಹಳ್ಳಿ ಮುಟ್ಟುವಾಗ ಐದಾರು ಗಂಟೆ ಕಳೆದಿರುತ್ತದೆ. ಅಲ್ಲಿಂದ ಮುಂಬಯಿಗೆ ಎರಡು ಗಂಟೆಯೂ ಬೇಡ.

ಹಾಸನದಲ್ಲೇ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವಿದೆ. 36,000 ಕಿ.ಮೀ. ಮೇಲಿನ ಉಪಗ್ರಹಕ್ಕೆ ಅಲ್ಲಿಂದ ಸಂಕೇತ ತಲುಪಲು ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಅದೇ ಊರಿನ ಪಕ್ಕದ ಭೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆಯಾಯಿತು. ರೈತರ ಜಮೀನು ಹೋಯಿತು. ಶಿವಮೊಗ್ಗದಲ್ಲಿ ವಿಮಾನ ಇಳಿದ 2023ರಲ್ಲೂ ಭೂವನಹಳ್ಳಿಯಿಂದ ಪ್ರಯಾಣಿಕರ ವಿಮಾನ ಹಾರಿರಲಿಲ್ಲ.

ನಿಮ್ಮ ತಾಲ್ಲೂಕಿನಿಂದ ನಾಲ್ಕೂ ನಿಲ್ದಾಣಗಳಿಗೆ ನೇರ ದೂರವನ್ನು ಅಟ್ಲಾಸಿನಲ್ಲಿ ಅಳೆಯಿರಿ. ಪಕ್ಕದಲ್ಲೇ ಬಸ್ಸಿನ ಗಂಟೆಗಳನ್ನೂ ಬರೆಯಿರಿ. ಆ ಗಂಟೆಗಳನ್ನು ನಿಮ್ಮೂರಿನ ಬಸ್ ನಿಲ್ದಾಣದಲ್ಲಿ ಕೇಳಿಯೇ ತಿಳಿಯಬೇಕು.