ಕರಾಚಿ – ಮುಂಬಯಿ: ಒಂದು ದೂರದ ಕಥೆ

ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಎರಡು ಊರುಗಳ ನಡುವಣ ದೂರವನ್ನು ಅಳೆಯುವುದನ್ನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ. ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುತ್ತದೆ ಎಂಬುದು ಪಾಠದ ಸೂತ್ರ. ಆದರೆ ಈ ಸೂತ್ರಕ್ಕೆ ಸಿಕ್ಕದ ಜೋಡಿ ನಗರಗಳೂ ಉಂಟು. ಕರಾಚಿ ಮತ್ತು ಮುಂಬಯಿ ಅಂಥವು. ಇವುಗಳ ನಡುವಣ ನೇರ ದೂರ ಸುಮಾರು 880 ಕಿಲೋಮೀಟರ್.

1929ರಲ್ಲಿ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್ನಿನಿಂದ ಕರಾಚಿಯವರೆಗೆ ವಿಮಾನದ ಅಂಚೆಯನ್ನು ತರತೊಡಗಿತು. ಅದನ್ನು ದಕ್ಷಿಣಕ್ಕೆ ಮುಂದುವರಿಸುವ ಕೆಲಸವನ್ನು ಟಾಟಾ ಸಂಸ್ಥೆ ಕೈಗೆತ್ತಿಕೊಂಡಿತು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಅವರು ಅಂಚೆಯ ಚೀಲಗಳೊಡನೆ ಒಂದೇ ಎಂಜಿನ್ನಿನ ಪುಟ್ಟ ‘ಪಸ್ ಮಾತ್’ ವಿಮಾನವನ್ನೇರಿ ಕರಾಚಿಯಿಂದ ಒಬ್ಬರೇ ಹೊರಟರು. ಅದರ ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ನಡುವೆ ಅಹಮದಾಬಾದಿನಲ್ಲಿ ಇಳಿದಾಗ ವಿಮಾನಕ್ಕೆ ಇಂಧನದ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಎರಡು ಗಂಟೆಗೆ ಮುನ್ನವೇ ಅವರು ಮುಂಬಯಿಯ ಜುಹುವಿನಲ್ಲಿ ಇಳಿದರು. ತಂಗುವಿಕೆಯೂ ಸೇರಿ ಹಿಡಿದದ್ದು ಏಳು ಗಂಟೆಗೆ ತುಸು ಹೆಚ್ಚು.

ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅವರು ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಂದು ಗಣಿಯ ಹೆಸರಿನಿಂದಲೇ ಪ್ರಸಿದ್ಧವಾದ ನಮ್ಮ ಆ ಊರು ಭಾರತದ ವಿಮಾನಯಾನದ ಮೊದಲ ಪುಟದಲ್ಲಿಯೇ ಇದೆ ಎಂಬುದನ್ನು ನಾವು ಮರೆತಿದ್ದೇವೆ.

1947ರಲ್ಲಿ ದೇಶ ಇಬ್ಭಾಗವಾಯಿತು. ಒಂದೇ ಅಂಚೆಯ ದಾರಿಯಲ್ಲಿದ್ದ ಊರುಗಳು ಎರಡು ದೇಶಗಳ ಪಾಲಾದವು. 1971ರಲ್ಲಿ ಕಡಿದುಹೋದ ವಿಮಾನ ಸಂಪರ್ಕ 1976ರಲ್ಲಿ ಮತ್ತೆ ಕೂಡಿತು. 1982ರಲ್ಲಿ, ಮೊದಲ ಹಾರಾಟದ ಐವತ್ತನೆಯ ವರ್ಷದಂದು, 78ರ ಹರೆಯದ ಜೆ.ಆರ್.ಡಿ. ಅವರು ಅಂಥದೇ ಹಳೆಯ ಮಾದರಿಯ ‘ಲೆಪರ್ಡ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೊಮ್ಮೆ ಒಬ್ಬರೇ ಹಾರಿ ಬಂದರು. ಗಡಿಯಿದ್ದರೂ ಅಂದು ಆಕಾಶ ತೆರೆದಿತ್ತು.

2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಜೆಟ್ ವಿಮಾನಕ್ಕೆ ಇದು ಒಂದೂವರೆ ಗಂಟೆಯ ಹಾದಿ. ಆದರೆ ದುಬೈ ಬಳಸಿ ಹೋಗಬೇಕಾದ ಪ್ರಯಾಣಿಕನಿಗೆ ಅದು 3,000 ಕಿಲೋಮೀಟರಿಗೂ ಮಿಕ್ಕಿದ ದಾರಿ. ಅಲ್ಲಿ ಮುಂದಿನ ವಿಮಾನಕ್ಕಾಗಿ ಕಾಯುವ ಹೊತ್ತನ್ನೂ ಕೂಡಿಸಿದರೆ, ಎತ್ತಿನ ಗಾಡಿಯ ಇಂಧನವನ್ನು ನಂಬಿ ಹಾರಿದ ಆ ಪುಟ್ಟ ವಿಮಾನವೇ ಮೊದಲು ಮುಟ್ಟೀತು.

ಅಡಿಪಟ್ಟಿಗೆ ಈ ದೂರ ಇಂದಿಗೂ 880 ಕಿಲೋಮೀಟರೇ. ಯಂತ್ರವು ತಗ್ಗಿಸಿದ ಕಾಲವನ್ನು ಮನುಷ್ಯರ ಮನಸ್ತಾಪ ಮತ್ತೆ ಹಿಗ್ಗಿಸಿದೆ. ತರಗತಿಯಲ್ಲಿ ನಾನು ಕಲಿಸದೆ ಬಿಟ್ಟ ಲೆಕ್ಕ ಇದೇ.