ಎರೆಹೊಲದ ಬಿರುಕು, ಬೆಳಕಿನ ತೂಬು

ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. ಡಬ್ಬಿ ತಳಿಯಿರಲಿ, ಕಡ್ಡಿ ತಳಿಯಿರಲಿ, ಪ್ರಯೋಗಾಲಯದಲ್ಲಿ ಅದರ ಬಣ್ಣ ಅಳೆಯುವವರು ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಆ ದ್ರಾವಣದೊಳಗೆ 460 ನ್ಯಾನೊಮೀಟರಿನ ನೀಲಿ ಬೆಳಕು ಹಾಯಿಸುತ್ತಾರೆ. ಎಷ್ಟು ಬೆಳಕು ಆಚೆ ಬಂತೆಂದು ಹೇಳುವುದು ಒಂದು ಸಂವೇದಕ. ಕಾಯಿಯ ಕೆಂಪಿಗೆ ಮುಖ್ಯ ಕಾರಣವಾದ ಕ್ಯಾಪ್ಸ್ಯಾಂಥಿನ್ ಎಂಬ ಅಣುವಿನಲ್ಲಿ ಇಂಗಾಲದ ಒಂಟಿ ಬಂಧ, ಜೋಡಿ ಬಂಧಗಳು ಒಂದಾದ ಮೇಲೊಂದು ಬರುತ್ತವೆ. ಬೆಳಕು ಹೀರುವ ಗುಣ ಆ ಜೋಡಣೆಯದು. ಬೆಳಕನ್ನು ವಿದ್ಯುತ್ತಾಗಿಸಬಲ್ಲ ಸಾವಯವ, ಅಂದರೆ ಇಂಗಾಲದ ಅಣುಗಳ, ಅರೆವಾಹಕಗಳ ಒಡಲಲ್ಲಿರುವುದೂ ಅದೇ ಜೋಡಣೆ. ಹಾವೇರಿ ಜಿಲ್ಲೆಯ ಗುತ್ತಲದ ಸೀಮೆಯಲ್ಲಿ ಬೆಳೆದ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಈ ನಂಟೇ.

ಈ ಕ್ಷೇತ್ರದ ಚರಿತ್ರೆಯನ್ನು ಹೊಸ ಹೊಸ ಅಣುಗಳ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಕಾಣುವಂತೆ ಅದರ ದೊಡ್ಡ ತಿರುವುಗಳಲ್ಲಿ ಬಹಳಷ್ಟು ಅಣುವಿಗೆ ಲೋಹ ತಾಗುವ ಜಾಗದಲ್ಲಿ, ಅಂದರೆ ಎಲೆಕ್ಟ್ರೋಡಿನಲ್ಲಿ ಆಗಿವೆ.

1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಎರಡು ಸಾವಯವ ಪದರಗಳನ್ನು ಒಂದರ ಮೇಲೊಂದಿಟ್ಟು, ಸುಮಾರು ಶೇಕಡಾ 1ರಷ್ಟು ಬೆಳಕನ್ನು ವಿದ್ಯುತ್ತಾಗಿಸುವ ಕೋಶ ಮಾಡಿ ತೋರಿಸಿದರು. 1994ರಲ್ಲಿ ಜಪಾನಿನ ಹಿರಾಮೊಟೊ ತಂಡಕ್ಕೆ ಬೆರಗಿನ ಸಂಗತಿಯೊಂದು ಕಂಡಿತು: ಚಿನ್ನದ ಎಲೆಕ್ಟ್ರೋಡಿನ ಪಕ್ಕದಲ್ಲೇ ಚಾರ್ಜುಗಳು ಸಿಕ್ಕಿಬಿದ್ದರೆ ಅಲ್ಲಿನ ವಿದ್ಯುತ್ ಕ್ಷೇತ್ರ ತೀವ್ರವಾಗಿ, ಒಂದು ಫೋಟಾನಿಗೆ ಸಾವಿರಾರು ಎಲೆಕ್ಟ್ರಾನುಗಳು ಒಳನುಗ್ಗುತ್ತವೆ.

ಆದರೆ ಕರೆಯದೆ ಒಳಬರುವ ಚಾರ್ಜೇ ಸಂವೇದಕಕ್ಕೆ ಶತ್ರು. ಕೆರೆಯ ತೂಬು ಮುಚ್ಚಿದಾಗಲೂ ಕಾಲುವೆಗೆ ನೀರು ಜಿನುಗುತ್ತಿದ್ದರೆ, ಸಣ್ಣ ಮಳೆಗೆ ಎಷ್ಟು ನೀರು ಹೆಚ್ಚಿತೆಂದು ಗೊತ್ತಾಗುವುದಿಲ್ಲ. ಕತ್ತಲಲ್ಲೂ ಎಲೆಕ್ಟ್ರೋಡಿನಿಂದ ಸೋರುವ ಕರೆಂಟು ಹಾಗೆಯೇ ಮಂದ ಬೆಳಕಿನ ಸುಳಿವನ್ನು ನುಂಗಿಬಿಡುತ್ತದೆ. ಒಳಗೆ ಹುಟ್ಟಿದ ಚಾರ್ಜನ್ನು ಹೊರಬಿಟ್ಟು, ಹೊರಗಿನದನ್ನು ತಡೆಯುವ ಎಲೆಕ್ಟ್ರೋಡ್ ಬೇಕು. ಲೋಹ ಮತ್ತು ಸಾವಯವ ಪದರದ ನಡುವೆ ತೆಳು ತಡೆಪದರಗಳು ಬಂದದ್ದು ಇದಕ್ಕಾಗಿ.

1989ರಲ್ಲಿ ಆರಂಭವಾದ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಅವರ ತಂಡ ಈ ಸೀಮೆಯಲ್ಲಿ ನಡೆದ ದಾರಿ ನನಗೆ ಬಲು ಇಷ್ಟ. 2001ರಲ್ಲಿ ಅವರು ಮೂರನೆಯ ಎಲೆಕ್ಟ್ರೋಡನ್ನು, ಗೇಟನ್ನು, ಸೇರಿಸಿ ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರನ್ನು ವಿವರಿಸಿದರು. 2004ರಲ್ಲಿ ಬೆಳಕಿನ ಚುಕ್ಕೆ ಎಲ್ಲಿ ಬಿತ್ತೆಂದು ಹೇಳಬಲ್ಲ ಸಂವೇದಕ ಬಂತು. 2011ರಲ್ಲಂತೂ ಮೇಲಿನ ಲೋಹವನ್ನೇ ತೆಗೆದು, ಅದರ ಜಾಗದಲ್ಲಿ ಉಪ್ಪುನೀರಿನಂಥ ದ್ರಾವಣವನ್ನಿಟ್ಟರು. ಆಗ ಒಂದೇ ಪದರದ ಪಾಲಿಮರ್ ಬಣ್ಣ ಬಣ್ಣಕ್ಕೂ ಬೇರೆ ಬೇರೆ ಆಕಾರದ ಸಂಕೇತ ಕೊಟ್ಟಿತು. ಕೆಂಪು, ಹಸಿರು, ನೀಲಿ ಗುರುತಿಸಲು ಸೋಸುಗಾಜುಗಳೇ ಬೇಕಾಗಲಿಲ್ಲ. 2014ರಲ್ಲಿ ಅದೇ ಜಾಡಿನಲ್ಲಿ, ಬೆಳಕಿಗೆ ಇನ್ನೂ ಕುರುಡಾಗಿದ್ದ ಕೋಳಿಭ್ರೂಣದ ಅಕ್ಷಿಪಟಲವನ್ನು ಪಾಲಿಮರಿನ ಮೇಲಿಟ್ಟು, ಬೆಳಕು ಬಿದ್ದಾಗ ಅದರ ನರಕೋಶಗಳು ಮಿಡಿಯುವುದನ್ನು ದಾಖಲಿಸಿದರು. ದೇಹದ ದ್ರವವೇ ಎಲೆಕ್ಟ್ರೋಡಾದ ಮೇಲೆ ಉಪಕರಣ ಮತ್ತು ಜೀವದ ನಡುವಿನ ಗೋಡೆ ತೆಳುವಾಗುತ್ತದೆ.

ಬೆಳಕು ಒಳಬರಬೇಕಾದರೆ ಒಂದು ಬದಿಯ ಎಲೆಕ್ಟ್ರೋಡ್ ಪಾರದರ್ಶಕವಾಗಿರಲೇಬೇಕು. ರೂಢಿಯಲ್ಲಿರುವ ಇಂಡಿಯಂ ಟಿನ್ ಆಕ್ಸೈಡ್ ಬಾಗಿಸಿದರೆ ಬಿರುಕು ಬಿಡುತ್ತದೆ, ಇಂಡಿಯಂ ದುಬಾರಿ ಕೂಡ. ಅದೇ ಕೇಂದ್ರದ ಜಿ. ಯು. ಕುಲಕರ್ಣಿ ಅವರ ತಂಡ ಬಿರುಕನ್ನೇ ಅಚ್ಚು ಮಾಡಿಕೊಂಡಿತು. ಲೇಪ ಒಣಗಿ ಬಿರಿದಾಗ ಸೀಳುಗಳೊಳಗೆ ಲೋಹ ತುಂಬಿ, ಲೇಪ ತೊಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ತಂತಿಬಲೆ ಉಳಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಎರೆಹೊಲ ಬಿರಿಯುವುದೂ ಹೀಗೇ: ಒಂದು ಸೀಳು ಇನ್ನೊಂದನ್ನು ಕೂಡದೆ ನಿಲ್ಲುವುದು ಕಡಿಮೆ. ಆ ಕೂಡಿಕೆಯಿಂದಲೇ ಬಲೆಯುದ್ದಕ್ಕೂ ಕರೆಂಟು ಹರಿಯುತ್ತದೆ. 2014ರಲ್ಲಿ ಸಾವಯವ ಸೌರಕೋಶದಲ್ಲಿ ಇದನ್ನು ಬಳಸಿ ತೋರಿಸಿದರು.

ಎಲೆಕ್ಟ್ರೋಡಿನ ಮೇಲಿನ ತೆಳು ಪದರಗಳ ಹಾದಿಗೆ ಮರಳಿದರೆ, ಅಮೆರಿಕದ ಜಾರ್ಜಿಯಾ ಟೆಕ್‌ನ ಕಿಪ್ಪಲೆನ್ ತಂಡ 2012ರಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಪಾಲಿಮರ್ ಲೇಪದಿಂದ ಎಲೆಕ್ಟ್ರೋಡಿನ ಗುಣವನ್ನೇ ಬದಲಿಸಿತು. 2020ರಲ್ಲಿ ಅದೇ ಗುಂಪು ಮಂದ ಬೆಳಕನ್ನೂ ಹಿಡಿಯುವ, ಬಾಗುವ, ಅಗಲವಾದ ಸಂವೇದಕ ಮಾಡಿತು.

ಬಿರುಕಿನ ಅಚ್ಚಿನ ತಂತಿಬಲೆಗೂ ತನ್ನದೇ ತೊಡಕಿದೆ. ಸಾವಯವ ಪದರ ತೀರಾ ತೆಳು. ತಂತಿ ಅದಕ್ಕಿಂತ ಎತ್ತರವಾದರೆ ಆಚೆಯ ಎಲೆಕ್ಟ್ರೋಡಿಗೆ ತಾಗಿ ಶಾರ್ಟ್ ಆಗುತ್ತದೆ. ಬಲೆಯ ಕಣ್ಣಿನ ನಡುವೆ ಹುಟ್ಟಿದ ಚಾರ್ಜು ತಂತಿ ಮುಟ್ಟುವಷ್ಟರಲ್ಲಿ ಕಳೆದುಹೋಗಬಹುದು. ಆದರೂ ಮೆಣಸಿನಕಾಯಿಯ ಬಣ್ಣ ನೋಡಲು ನಕ್ಷತ್ರದ ಮಂದ ಬೆಳಕು ಹಿಡಿಯುವ ಸೂಕ್ಷ್ಮತೆ ಬೇಡ. ದೀಪ ನಮ್ಮ ಕೈಯಲ್ಲೇ ಇರುತ್ತದೆ, ಬೇಕಾದಷ್ಟು ಬೆಳಕು ಹಾಯಿಸಬಹುದು. ಬಾಗುವ ಅಗ್ಗದ ಸಂವೇದಕವೊಂದು ಗುತ್ತಲದ ಕಣಕ್ಕೆ ಬಂದು, ಚೀಲ ಪೇಟೆಗೆ ಹೋಗುವ ಮುಂಚೆಯೇ ತನ್ನ ಕಾಯಿಯ ಬಣ್ಣ ಎಷ್ಟೆಂದು ರೈತನಿಗೆ ಗೊತ್ತಾಗಲಿ ಎಂಬುದು ನನ್ನ ಆಸೆ.