ಮಳವಳ್ಳಿ ಬಯಲಿನಿಂದ ಬೆಳಗಾವಿವರೆಗೆ: ಸೈನ್ಯಕ್ಕೆ ನಾವು ಬೇಕಾಗಿದ್ದು ಯಾವಾಗ?



ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬರು ನಗುತ್ತಲೇ ಕೇಳಿದರು: "ಟಿಪ್ಪು ಸೈನ್ಯ ಸುಧಾರಿಸಿದ್ದ ಅಂತೀರಲ್ಲ, ಮತ್ತೆ ಸೋತಿದ್ದು ಯಾಕೆ? ಕೋರೆಗಾಂವ್ ಅಂತೀರಿ, ಅಲ್ಲಿ ನಿಮ್ಮೋರು ಇದ್ದದ್ದು ಬ್ರಿಟಿಷರ ಕಡೆ ಅಲ್ವಾ?" ಆವತ್ತು ಸುಮ್ಮನಿದ್ದೆ. ಉತ್ತರ ಇಲ್ಲಿ ಬರೀತಿದ್ದೀನಿ, ನಮ್ಮ ಬೆಸಗರಹಳ್ಳಿ ಕೇರಿ ಹೈಕ್ಳು ಓದಲಿ ಅಂತ.

ಮೊದಲನೇ ಪ್ರಶ್ನೆ. ಹೈದರ್, ಟಿಪ್ಪು ಇಬ್ಬರೂ ಕವಾಯತು ಕಲಿತ ಕಾಲ್ದಳ ಕಟ್ಟಿದರು, ಕಬ್ಬಿಣದ ಕೊಳವೆಯ ರಾಕೆಟ್ ಮಾಡಿಸಿದರು. 1780ರಲ್ಲಿ ಪೊಳ್ಳಿಲೂರಲ್ಲಿ ಕರ್ನಲ್ ಬೈಲಿಯ ಪಡೆ ಮಣ್ಣುಮುಕ್ಕಿತು. ಮುಂದೆ ಕಂಪನಿ ಒಂಟಿಯಾಗಿ ಬರಲಿಲ್ಲ. ನಿಜಾಮನನ್ನೂ ಮರಾಠರನ್ನೂ ಕೂಡಿಕೊಂಡು ಬಂತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯ್ತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಸೈನ್ಯ ಸುಧಾರಿಸೋಕೆ ಕಾಲ ಬೇಕು, ಕಂದಾಯ ಬೇಕು. ಎರಡನ್ನೂ ಕಿತ್ತುಕೊಂಡರು. 1799ರ ಮಾರ್ಚ್ 27ರಂದು ನಮ್ಮ ಪಕ್ಕದ ಮಳವಳ್ಳಿಯಲ್ಲೇ ಟಿಪ್ಪು ಜನರಲ್ ಹ್ಯಾರಿಸ್‌ನ ದಂಡಿಗೆ ಎದುರು ನಿಂತು, ಆಗದೆ ಹಿಂದೆ ಸರಿದ. ಆ ದಂಡು ಸೋಸಲೆ ಹತ್ತಿರ ಕಾವೇರಿ ದಾಟಿತು. ಬೊಂಬಾಯಿ ಕಡೆಯ ದಂಡೂ ಬಂದು ಸೇರಿತು. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸುಧಾರಣೆ ಸುಳ್ಳಲ್ಲ ಕಣ್ರಪ್ಪ, ಅದು ಫಲ ಕೊಡೋಕೆ ಬಿಡದಷ್ಟು ಬಲ ಮೇಲೆ ಬಿತ್ತು.

ಎರಡನೇ ಪ್ರಶ್ನೆ. ಅಷ್ಟು ಬಲ ಕಂಪನಿಗೆ ಎಲ್ಲಿಂದ ಬಂತು? ಇದೇ ನೆಲದ ಸಿಪಾಯಿಗಳಿಂದ. ಮದ್ರಾಸ್ ಸೈನ್ಯದಲ್ಲಿ ಪರೈಯರಿದ್ದರು, ಬೊಂಬಾಯಿ ಸೈನ್ಯದಲ್ಲಿ ಮಹಾರರಿದ್ದರು. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆ ದಂಡನ್ನು ತಡೆದವರಲ್ಲಿ ಆ ಮಹಾರರೂ ಇದ್ದರು. ಕೆರೆ ನೀರು ಮುಟ್ಟೋಕೆ ಬಿಡದ ಊರು ಒಂದು ಕಡೆ, ಬಂದೂಕು, ಸಂಬಳ ಕೊಟ್ಟವನು ಇನ್ನೊಂದು ಕಡೆ. ಯಾವ ಕಡೆ ಹೋಗಬೇಕಿತ್ತು, ನೀವೇ ಹೇಳಿ.

ಹಾಗಂತ ಬ್ರಿಟಿಷರೇನು ನಮ್ಮ ಮೇಲಿನ ಪ್ರೀತಿಗೆ ಸೇರಿಸಿಕೊಳ್ಳಲಿಲ್ಲ. ದೇಶ ಕೈಗೆ ಬಂದಮೇಲೆ "ಯೋಧ ಜಾತಿ" ಅನ್ನೋ ಲೆಕ್ಕ ತೆಗೆದರು. 1892ರಲ್ಲಿ ಮಹಾರರ ನೇಮಕಾತಿ ನಿಂತೇಹೋಯ್ತು. ಬಾಬಾಸಾಹೇಬರ ತಂದೆ ರಾಮ್‌ಜಿ ಸುಬೇದಾರರಾಗಿ ದುಡಿದದ್ದು ಇದೇ ಸೈನ್ಯದಲ್ಲಿ! ಮೊದಲ ಮಹಾಯುದ್ಧದಲ್ಲಿ ಜನ ಸಾಲದಾದಾಗ, 1917ರಲ್ಲಿ 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗೀತು, 1921ರಲ್ಲಿ ಬರಖಾಸ್ತು. ಎರಡನೇ ಮಹಾಯುದ್ಧ ಬಂತು, ಮತ್ತೆ ಬಾಗಿಲು ತೆರೀತು. 1941ರಲ್ಲಿ ರಕ್ಷಣಾ ಸಲಹಾ ಸಮಿತಿಯಲ್ಲಿದ್ದ ಬಾಬಾಸಾಹೇಬರು ಪಟ್ಟು ಹಿಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿತು.

ನೋಡಿ, ತಲೆ ಎಣಿಕೆ ಬೇಕಾದಾಗ ಕರೀತಾರೆ, ಕೆಲಸ ಮುಗಿದರೆ ಬಾಗಿಲು ಹಾಕ್ತಾರೆ. ಇನ್ನೊಬ್ಬರ ಅಗತ್ಯಕ್ಕೆ ಸಿಕ್ಕಿದ ಜಾಗ ಅವರ ಅಗತ್ಯ ತೀರಿದ ದಿನವೇ ಹೋಗುತ್ತೆ. ಅದಕ್ಕೇ ನಮ್ಮ ಪಾಲು ಸಂವಿಧಾನದ 16ನೇ ವಿಧಿಯಲ್ಲಿ ಬರೆದಿಟ್ಟಿರೋದು. ನಾನು ಗುಮಾಸ್ತನಾಗಿ ಕೂತಿರೋ ಕುರ್ಚಿ ಆ ಬರಹದ ಮೇಲೆ ನಿಂತಿದೆ.

ಹೈಕ್ಳೇ, ಜನವರಿ 1ಕ್ಕೆ ಸ್ಟೇಟಸ್ ಹಾಕುವಾಗ 1818ರ ಜೊತೆ 1892ನ್ನೂ ಬರೀರಿ.